ರೀಫೈನಾನ್ಸ್ ಅಪ್ರೈಸಲ್‌ಗೆ ಮುಂಚೆ ದೇವರ ಫೋಟೋ ತೆಗೆದಿಡಬೇಕಾ?

ಬೂಯಿ ಬಾಲು

ನಾವಿರುವುದು ಮೇರಿಲ್ಯಾಂಡ್‌ನ ಬೂಯಿಯಲ್ಲಿ, ಪ್ರಿನ್ಸ್ ಜಾರ್ಜಸ್ ಕೌಂಟಿ. ನಮ್ಮ ಬೀದಿಯಲ್ಲಿ ಹೆಚ್ಚಿನವರು ಕಪ್ಪು ಜನ. ಫೆಡರಲ್ ನೌಕರರು, ನರ್ಸ್‌ಗಳು, ಒಬ್ಬರು ವಕೀಲರು. 2023ರಲ್ಲಿ 6,10,000 ಡಾಲರ್ ಕೊಟ್ಟು ಮನೆ ತಗೊಂಡೆವು, ಬಡ್ಡಿ ಶೇ 7ರ ಮೇಲೆ. ಈಗ ಸ್ವಲ್ಪ ಇಳಿದಿದೆಯಲ್ಲ ಅಂತ ರೀಫೈನಾನ್ಸ್‌ಗೆ, ಅಂದರೆ ಹಳೇ ಸಾಲದ ಬದಲು ಕಡಿಮೆ ಬಡ್ಡಿಯ ಹೊಸ ಸಾಲಕ್ಕೆ, ಹಾಕಿದೆವು. ಅಪ್ರೈಸಲ್, ಅಂದರೆ ಸಾಲಕ್ಕಾಗಿ ಮನೆಗೆ ಬೆಲೆ ಕಟ್ಟಿಸುವುದು, 5,85,000ಕ್ಕೆ ಬಂತು! ಮಧ್ಯೆ ಅಡುಗೆಮನೆ ಪೂರ್ತಿ ಹೊಸದು ಮಾಡಿಸಿದ್ದೇವೆ, ಅದು ಲೆಕ್ಕಕ್ಕೇ ಇಲ್ಲ. ಸಾಲ 4,80,000 ಬಾಕಿ. ಅಂದರೆ ಮನೆ ಬೆಲೆಯ ಶೇ 82. 80 ದಾಟಿದ ತಕ್ಷಣ ಪಿಎಂಐ ಅನ್ನುವ ಇನ್ಶೂರೆನ್ಸ್ ತಲೆಗೆ ಬೀಳುತ್ತದೆ. ಬಡ್ಡಿಯಲ್ಲಿ ಉಳಿದದ್ದು ಅದಕ್ಕೇ ಹೋಗುತ್ತದೆ.

ಪಕ್ಕದ ಮನೆಯವರಿಗೆ ಹೇಳಿದೆ. ಕಪ್ಪು ಮಹಿಳೆ, ರಿಟೈರ್ಡ್ ಟೀಚರ್. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಫೋಟೋ ಇಳಿಸಲಿಲ್ವಾ?" ಅಂತ ಕೇಳಿದರು. ಅಪ್ರೈಸರ್ ಬರುವ ದಿನ ಅವರು ಮದುವೆ ಫೋಟೋ, ಪುಸ್ತಕ ಎಲ್ಲ ಕಾರಿನ ಡಿಕ್ಕಿಗೆ ತುಂಬುತ್ತಾರಂತೆ. ಬಿಳಿ ಗೆಳತಿಯೊಬ್ಬರನ್ನು ಮನೆಯಲ್ಲಿ ಕೂರಿಸಿ ಹೊರಗೆ ಹೋಗುತ್ತಾರಂತೆ. ಕಪ್ಪು ಜನರ ಮನೆ ಅಂತ ಗೊತ್ತಾದರೆ ಬೆಲೆ ಕಡಿಮೆ ಕಟ್ಟುತ್ತಾರೆ ಅಂತ.

ಇನ್ನೊಂದು ಬ್ಯಾಂಕಿನಿಂದ ಮತ್ತೆ ಅಪ್ರೈಸಲ್ ಮಾಡಿಸೋಣ ಅಂತಿದ್ದೇನೆ. ಗಣಪತಿ, ರಾಯರ ಫೋಟೋ, ಬಾಗಿಲ ರಂಗೋಲಿ ಎಲ್ಲ ತೆಗೆಯಬೇಕಾ? ಹೆಂಡತಿ "ದೇವರನ್ನ ಬಚ್ಚಿಡಲ್ಲ, ಬೇಕಾದ್ರೆ ಪಿಎಂಐ ಕಟ್ಟಿ" ಅಂತಿದ್ದಾಳೆ. ಇದರಲ್ಲಿ ನಿಜ ಎಷ್ಟು, ಭಯ ಎಷ್ಟು?

ಡಲ್ಲಾಸ್ ದಿನೇಶ

ಎಲ್ಲದಕ್ಕೂ ಬಣ್ಣ ಎಳೆದು ತರುವುದು ಜಾಸ್ತಿಯಾಗಿದೆ. ಅಪ್ರೈಸರ್ ಬೆಲೆ ಕಟ್ಟುವುದಿಲ್ಲ, ಮಾರ್ಕೆಟ್ ಕಟ್ಟಿದ್ದನ್ನು ಬರೆಯುತ್ತಾನೆ. 2023ರಲ್ಲಿ ನೀವೇ ಒಂದಿಷ್ಟು ಹೆಚ್ಚು ಕೊಟ್ಟಿರಬಹುದು. ನಾನೂ ಮೊದಲು ಆ ಕಡೆಯೇ ಇದ್ದವನು. ಕೌಂಟಿ ಗೆರೆ ದಾಟಿ ಪಕ್ಕದ ಕ್ರಾಫ್ಟನ್‌ಗೆ ಹೋದರೆ ಸ್ಕೂಲ್ ಬೇರೆ, ರೇಟೂ ಬೇರೆ. ಅದಕ್ಕೆ ಅಪ್ರೈಸರ್ ಏನು ಮಾಡಬೇಕು? ಬ್ರೂಕಿಂಗ್ಸ್ ಅನ್ನುವ ಸಂಶೋಧನಾ ಸಂಸ್ಥೆ 2018ರಲ್ಲಿ ಕಪ್ಪು ಜನ ಹೆಚ್ಚಿರುವ ಕಡೆ ಮನೆಗಳಿಗೆ ಶೇ 23 ಕಡಿಮೆ ಬೆಲೆ, ಸರಾಸರಿ 48,000 ಡಾಲರ್ ನಷ್ಟ ಅಂದಿತು. ಆಮೇಲೆ ಎಇಐ ಅನ್ನುವ ಇನ್ನೊಂದು ಸಂಶೋಧನಾ ಸಂಸ್ಥೆಯ ಎಡ್ ಪಿಂಟೋ, ಟೋಬಿಯಾಸ್ ಪೀಟರ್ ಜನರ ಆರ್ಥಿಕ ಸ್ಥಿತಿಯನ್ನೂ ಲೆಕ್ಕಕ್ಕೆ ತಗೊಂಡರೆ ಅಂತರ ಬಹುಪಾಲು ಕರಗುತ್ತದೆ ಅಂತ ಉತ್ತರ ಕೊಟ್ಟರು. ಎರಡೂ ಕಡೆ ಓದಿ.

ಎಡಿಸನ್ ಶಶಿ

ಭಾರತೀಯರು ತುಂಬಿರುವ ನಮ್ಮ ನ್ಯೂಜೆರ್ಸಿಯ ಎಡಿಸನ್‌ಗೆ ಬನ್ನಿ ಬಾಲು. ಇಲ್ಲಿ ಪೂಜಾ ರೂಮ್ ಇದೆ ಅಂತ ಏಜೆಂಟರೇ ಜಾಹೀರಾತು ಹಾಕುತ್ತಾರೆ 😄

ಅರಸೀಕೆರೆ ಸುಧಾ

ನಾನು ಸಾಲ ಕೊಡುವ ಒಂದು ಕಂಪನಿಯಲ್ಲಿ ಅಪ್ರೈಸಲ್ ರಿವ್ಯೂ ಮಾಡುತ್ತೇನೆ. ದಿನಾ ಇದೇ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ನಿಮ್ಮ ಪಕ್ಕದ ಮನೆಯವರು ಕಲ್ಪಿಸಿಕೊಂಡು ಹೇಳುತ್ತಿಲ್ಲ. ಕ್ಯಾಲಿಫೋರ್ನಿಯಾದ ಮರಿನ್ ಸಿಟಿಯಲ್ಲಿ 2020ರಲ್ಲಿ ಒಂದು ಕಪ್ಪು ದಂಪತಿಯ ಮನೆಗೆ 9,95,000 ಬಂತು. ಫೋಟೋ ತೆಗೆದು, ಬಿಳಿ ಗೆಳತಿಯನ್ನು ನಿಲ್ಲಿಸಿದಾಗ ಬೇರೆ ಅಪ್ರೈಸರ್ 14,82,500 ಕೊಟ್ಟರು. ಕೇಸ್ 2023ರಲ್ಲಿ ರಾಜಿಯಾಯಿತು. ನಿಮಗೆ ಹತ್ತಿರದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಪ್ರೊಫೆಸರ್ ದಂಪತಿಗೆ ಮೊದಲು 4,72,000, ಆಮೇಲೆ ಇದೇ ಉಪಾಯದಿಂದ 7,50,000. ಅಲ್ಲಿ ಸಾಲದ ಕಂಪನಿ 2024ರಲ್ಲಿ ರಾಜಿ ಮಾಡಿಕೊಂಡಿತು. ಅಪ್ರೈಸರ್ ಮಾತ್ರ ಒಪ್ಪಲಿಲ್ಲ, ತಿರುಗಿ ಮಾನನಷ್ಟದ ದಾವೆ ಹಾಕಿದರು.

ಆದರೆ ಇಂಥ ಜೋಡಿ ಲೆಕ್ಕ ನನ್ನ ಟೇಬಲ್‌ಗೆ ಬಂದರೆ ನಾನು ಅಷ್ಟಕ್ಕೇ ತೀರ್ಮಾನ ಮಾಡುವುದಿಲ್ಲ. ಇಬ್ಬರು ಅಪ್ರೈಸರ್‌ಗಳು, ಬೇರೆ ಬೇರೆ ತಿಂಗಳು, ವ್ಯತ್ಯಾಸ ಇದ್ದೇ ಇರುತ್ತದೆ. ನನ್ನನ್ನು ಒಪ್ಪಿಸಿದ್ದು ದೊಡ್ಡ ಲೆಕ್ಕ. ಬ್ಯಾಂಕುಗಳಿಂದ ಮನೆ ಸಾಲ ಕೊಳ್ಳುವ ಸಂಸ್ಥೆ ಫ್ರೆಡ್ಡಿ ಮ್ಯಾಕ್ 2021ರಲ್ಲಿ 1.2 ಕೋಟಿಗೂ ಹೆಚ್ಚು ಅಪ್ರೈಸಲ್ ನೋಡಿತು, ಎಲ್ಲ ಮನೆ ಕೊಳ್ಳುವಾಗ ಮಾಡಿಸಿದ್ದು. ಒಪ್ಪಂದದ ಬೆಲೆಗಿಂತ ಕಡಿಮೆ ಬಂದದ್ದು ಬಿಳಿಯರು ಹೆಚ್ಚಿರುವ ಕಡೆ ಶೇ 7.4. ಕಪ್ಪು ಜನ ಹೆಚ್ಚಿರುವ ಕಡೆ 12.5, ಲ್ಯಾಟಿನೋ ಜನ ಹೆಚ್ಚಿರುವ ಕಡೆ 15.4. ದಿನೇಶ್ ಅವರೇ, ಕೊಳ್ಳುವವನು ಮಾರುವವನು ಇಬ್ಬರೂ ಒಪ್ಪಿ ಸಹಿ ಹಾಕಿದ ಬೆಲೆ ಇದು. ಅದಲ್ವಾ ಮಾರ್ಕೆಟ್? ಹಾಗಾದರೆ ಅಪ್ರೈಸರ್ ಬರೆದದ್ದು ಯಾವ ಮಾರ್ಕೆಟ್?

ರೀಫೈನಾನ್ಸ್‌ನಲ್ಲಿ ಒಪ್ಪಂದದ ಬೆಲೆ ಅನ್ನುವುದೇ ಇರುವುದಿಲ್ಲ. ಅಪ್ರೈಸರ್ ಕೈ ಇನ್ನೂ ಸಡಿಲ. ಫ್ರೆಡ್ಡಿಯಂಥದ್ದೇ ಇನ್ನೊಂದು ಸಂಸ್ಥೆ ಫ್ಯಾನಿ ಮೇ 2022ರಲ್ಲಿ ರೀಫೈನಾನ್ಸ್‌ಗಳನ್ನೇ ನೋಡಿತು. ಅಲ್ಲಿ ಸಿಕ್ಕಿದ್ದು ಯಾರೂ ನಿರೀಕ್ಷಿಸದ ಸಂಗತಿ. ಕಪ್ಪು ಜನರ ಮನೆಗೆ ಕಡಿಮೆ ಕಟ್ಟಿದ್ದು ಸರಾಸರಿಯಲ್ಲಿ ಸ್ವಲ್ಪವೇ. ಕಪ್ಪು ಬಡಾವಣೆಯಲ್ಲಿರುವ ಬಿಳಿಯರ ಮನೆಗೆ ಜಾಸ್ತಿ ಕಟ್ಟಿದ್ದು ಎದ್ದು ಕಂಡಿತು!

ಹಾಗಾಗಿ ನನ್ನ ಮಾತು ಇಷ್ಟೇ: ಗೋಡೆ ಬಿಡಿ, ರಿಪೋರ್ಟಿನ ಎರಡನೇ ಪುಟ ನೋಡಿ. ಅಲ್ಲಿ ಕಾಂಪ್ಸ್ ಇರುತ್ತವೆ, ಅಂದರೆ ನಿಮ್ಮದಕ್ಕೆ ಹೋಲಿಸಿದ, ಈಚೆಗೆ ಮಾರಾಟವಾದ ಮನೆಗಳು. ಯಾವ ಮೂರು ಮನೆ ಆರಿಸುವುದು, ಯಾವ ರಸ್ತೆಯ ಆಚೆ ಹೋಗದಿರುವುದು, ಇದೆಲ್ಲ ಅಪ್ರೈಸರ್ ತಲೆಯಲ್ಲಿ ಆಗುವ ತೀರ್ಮಾನ. ಯಾವ ಬೀದಿ "ಸಮಾನ" ಅನ್ನುವ ಭೂಪಟ ಅವರಿಗೆ ಎಲ್ಲಿಂದ ಬಂತು? ಒಂದು ಕಾಲಕ್ಕೆ ಪಠ್ಯಪುಸ್ತಕಗಳೇ ಜನಾಂಗ ನೋಡಿ ಬೆಲೆ ಕಟ್ಟಲು ಕಲಿಸುತ್ತಿದ್ದವು. ಅದಕ್ಕಾಗಿ ಅಮೆರಿಕದ ನ್ಯಾಯ ಇಲಾಖೆ ಅಪ್ರೈಸರ್‌ಗಳ ಸಂಘದ ಮೇಲೆಯೇ ಕೇಸ್ ಹಾಕಿ, 1977ರಲ್ಲಿ ರಾಜಿಯಾಗಿ, ಪುಸ್ತಕ ಬದಲಾಯಿತು. ನಿಮ್ಮ ಬೂಯಿಯ ಬೆಲೇರ್ ಬಡಾವಣೆ ಇದೆಯಲ್ಲ, ಅದನ್ನು ಕಟ್ಟಿದ ಲೆವಿಟ್ ಕಂಪನಿ ಕಪ್ಪು ಜನರಿಗೆ ಮನೆ ಮಾರುವುದಿಲ್ಲ ಅಂದಿತ್ತು. 1963ರಲ್ಲಿ ಅಲ್ಲಿ ಪ್ರತಿಭಟನೆಯೂ ನಡೆಯಿತು. ಬಹಳ ಹಳೇ ಕಥೆಯೇನಲ್ಲ.

ಈ ವೃತ್ತಿಯ ಬಾಗಿಲೂ ಹಾಗೇ. ನಾನು ಮೊದಲು ಅಪ್ರೈಸರ್ ಆಗಬೇಕು ಅಂತಲೇ ಹೊರಟವಳು. ಲೈಸೆನ್ಸ್‌ಗೆ ಒಬ್ಬ ಸೀನಿಯರ್ ಕೈಕೆಳಗೆ ಸಾವಿರಕ್ಕೂ ಹೆಚ್ಚು ಗಂಟೆ ದುಡಿಯಬೇಕು. ಯಾರಿಗೆ ಕೇಳಿದರೂ "ಮಗನಿಗೆ ಕಲಿಸುತ್ತಿದ್ದೇನೆ", "ಅಳಿಯ ಇದ್ದಾನೆ". ಅವರದೂ ತಪ್ಪಿಲ್ಲ, ನಾಳೆ ಪೈಪೋಟಿಗೆ ನಿಲ್ಲುವವಳಿಗೆ ಯಾಕೆ ಕಲಿಸಬೇಕು? ಕೊನೆಗೆ ರಿವ್ಯೂ ಡೆಸ್ಕ್‌ಗೆ ಬಂದು ಕೂತೆ. ಈಗ ಪರಿಯಾ (PAREA) ಅಂತ ಆನ್‌ಲೈನ್ ತರಬೇತಿ ಕಾರ್ಯಕ್ರಮ ಬಂದಿದೆ, ಸೀನಿಯರ್ ಇಲ್ಲದೆಯೂ ಅನುಭವದ ಲೆಕ್ಕ ತುಂಬಬಹುದು. ಇಂಡಸ್ಟ್ರಿ ಮಾಡಿದ ಕೆಲಸಗಳಲ್ಲಿ ನನಗೆ ಹಿಡಿಸಿದ್ದು ಇದೊಂದು. ಉಳಿದದ್ದು? 2024ರಿಂದ ಅಪ್ರೈಸರ್‌ಗಳು ಪಾಲಿಸಬೇಕಾದ ಯುಎಸ್‌ಪ್ಯಾಪ್ ನಿಯಮದಲ್ಲಿ ತಾರತಮ್ಯದ ವಿರುದ್ಧ ಒಂದು ವಿಭಾಗ ಸೇರಿಸಿದರು. ತರಬೇತಿ ತರಗತಿಗಳೂ ಇವೆ. ಸರಿ.

ಬಾಲು, ಇನ್ನೊಂದು ಬ್ಯಾಂಕಿಗೆ ಓಡುವ ಮೊದಲು ಆರ್‌ಒವಿ ಕೇಳಿ, ಅಂದರೆ ಬೆಲೆಯ ಮರುಪರಿಶೀಲನೆ. 2024ರ ಆಗಸ್ಟ್‌ನಲ್ಲಿ ಫ್ಯಾನಿ, ಫ್ರೆಡ್ಡಿ ಕೊಳ್ಳುವ ಸಾಲಗಳಿಗೆ ಇದರ ನಿಯಮ ಬಂತು. ಒಂದು ಅಪ್ರೈಸಲ್‌ಗೆ ಒಂದೇ ಸಲ, ಐದು ಮನೆಗಳವರೆಗೆ ನೀವೇ ಸೂಚಿಸಬಹುದು. ಸರ್ಕಾರವೇ ವಿಮೆ ಕೊಡುವ ಎಫ್‌ಎಚ್‌ಎ ಸಾಲಕ್ಕೂ ಇಂಥದ್ದೇ ನಿಯಮ ಬಂದಿತ್ತು, 2025ರ ಮಾರ್ಚ್‌ನಲ್ಲಿ ಹೊಸ ಸರ್ಕಾರ ಹಿಂದಕ್ಕೆ ತಗೊಂಡಿತು. ನಿಮ್ಮದು ಯಾವ ಸಾಲ ನೋಡಿಕೊಳ್ಳಿ. ರಿಪೋರ್ಟಿನ ಪ್ರತಿ ಪಡೆಯುವುದು ಕಾನೂನಿನಲ್ಲೇ ಇರುವ ಹಕ್ಕು.

ಬೂಯಿ ಬಾಲು

ಥ್ಯಾಂಕ್ಸ್ ಸುಧಾ ಮೇಡಂ. ರಿಪೋರ್ಟ್ ತೆಗೆದು ನೋಡಿದೆ. ನಮ್ಮದು ಫ್ಯಾನಿ ಸಾಲವೇ. ಮೂರು ಕಾಂಪ್ಸ್‌ನಲ್ಲಿ ಒಂದು ಮಾಲೀಕರು ತೀರಿಕೊಂಡ ಮೇಲೆ ಇದ್ದ ಸ್ಥಿತಿಯಲ್ಲೇ ಮಾರಿದ ಮನೆ. ಇನ್ನೊಂದು ರೂಟ್ 50ರ ಆಚೆ. ನಮ್ಮದೇ ಬಡಾವಣೆಯಲ್ಲಿ ಈ ಬೇಸಿಗೆಯಲ್ಲಿ 6,30,000ಕ್ಕೆ ಹೋದದ್ದು ಪಟ್ಟಿಯಲ್ಲೇ ಇಲ್ಲ! ಮನೆಯ ಸ್ಥಿತಿಗೆ ಸಿ4 ಅಂತ ಹಾಕಿದ್ದಾರೆ. ಕ್ರಾಫ್ಟನ್‌ನಲ್ಲಿ ನಮ್ಮಂಥದ್ದೇ ಮನೆ ಇನ್ನೂ ಜಾಸ್ತಿಗೆ ಹೋಗಿದೆ, ಅದನ್ನೂ ಸೇರಿಸಲಾ?

ಡಲ್ಲಾಸ್ ದಿನೇಶ

ಬಡಾವಣೆಯೊಳಗಿನ ಮಾರಾಟ ಬಿಟ್ಟದ್ದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಅದು ಸೋಮಾರಿತನವೂ ಇರಬಹುದು.

ಅರಸೀಕೆರೆ ಸುಧಾ

ಇರಬಹುದು. ಸೋಮಾರಿತನ ಯಾವ ಬೀದಿಗಳಲ್ಲಿ ಜಾಸ್ತಿ ಅನ್ನುವುದೇ ನನ್ನ ಪ್ರಶ್ನೆ.

ಬಾಲು, ಕ್ರಾಫ್ಟನ್ ಸೇರಿಸಬೇಡಿ. ಬೇರೆ ಕೌಂಟಿ, ಬೇರೆ ಸ್ಕೂಲ್ ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾರೆ, ಉಳಿದವೂ ಹಗುರಾಗುತ್ತವೆ. 6,30,000ದ ಮನೆ ಮೊದಲು ಹಾಕಿ. ಸಿ4 ಅಂದರೆ ಸಣ್ಣಪುಟ್ಟ ರಿಪೇರಿ ಬಾಕಿ ಅಂತ. ನಿಮ್ಮದು ಸಿ3 ಇರಬೇಕು, ಅಡುಗೆಮನೆಯ ಬಿಲ್, ಪರ್ಮಿಟ್, ಫೋಟೋ ಲಗತ್ತಿಸಿ. ಪತ್ರದಲ್ಲಿ ಸಿಟ್ಟು ಬೇಡ, ತಾರೀಖು ಮತ್ತು ವಿಳಾಸ ಸಾಕು. ಪೂರ್ವಗ್ರಹದ ಅನುಮಾನ ಇದ್ದರೆ ಅದನ್ನು ಬೇರೆ ಪತ್ರದಲ್ಲಿ ಸಾಲದ ಕಂಪನಿಗೆ ಬರೆಯಿರಿ. ಅದರ ವಿಚಾರಣೆಯ ದಾರಿಯೇ ಬೇರೆ, ಅಮೆರಿಕದ ವಸತಿ ಇಲಾಖೆ ಹುಡ್‌ಗೂ ದೂರು ಕೊಡಬಹುದು.

ರಾಯರ ಫೋಟೋ ವಿಷಯದಲ್ಲಿ ನಾನು ನಿಮ್ಮ ಹೆಂಡತಿ ಪಕ್ಷ. ಆದರೆ ಪಿಎಂಐ ಕಟ್ಟುವವಳು ನಾನಲ್ಲವಲ್ಲ.