ಹೊರದೇಶಕ್ಕೆ ಹೋದವರ ಅಧ್ಯಯನ: ಲಿಂಕ್ ಮಾಡಿದ ಡೇಟಾ ಬಳಸಿದವರಿದ್ದೀರಾ?

ಸೋಮವಾರಪೇಟೆ ಹುಡುಗಿ:
ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ, ಕೊಡಗಿನಿಂದ ಹೋಗಿ ಹೊರದೇಶದಲ್ಲಿ ನೆಲೆಸಿದವರು. ಬೇರೆ ಬೇರೆ ದಾಖಲೆ ಜೋಡಿಸಿದ ಡೇಟಾ ಹಿಡಿಯಲಾ, ಮನೆಮನೆ ಸರ್ವೆ ಮಾಡಲಾ? ಅನುಭವ ಇದ್ದವರು ಹೇಳಿ.

ನಾಪೋಕ್ಲು:
ನಾನು ಒಂದು ನಾರ್ಡಿಕ್ ದೇಶದ ರಿಜಿಸ್ಟರ್, ಅಂದರೆ ಅಲ್ಲಿನ ಸರ್ಕಾರ ಎಲ್ಲ ನಿವಾಸಿಗಳ ಬಗ್ಗೆ ಇಡುವ ದಾಖಲೆ, ಬಳಸಿದೆ. ಸ್ವೀಡನ್‌ನಲ್ಲಿ 1947ರಿಂದ, ಡೆನ್ಮಾರ್ಕ್‌ನಲ್ಲಿ 1968ರಿಂದ ಒಬ್ಬೊಬ್ಬರಿಗೂ ಒಂದು ನಂಬರ್. ಓದು, ಸಂಬಳ, ಮದುವೆ, ಮಕ್ಕಳು, ಎಲ್ಲವೂ ಅದರ ಮೇಲೇ ಸಿಗುತ್ತದೆ. ಅನುಮತಿ ಬರಲು 14 ತಿಂಗಳು ಹಿಡಿಯಿತು. ಫೀಸು, ಎರಡು ಸಲದ ವಿಮಾನ ಎಲ್ಲ ಸೇರಿ 3,80,000 ರೂಪಾಯಿ. ಆ ವರ್ಷದ ಕಾಫಿ ದುಡ್ಡು ಪೂರ್ತಿ ಹೋಯಿತು. ಆಮೇಲೆ ನೋಡಿದರೆ ನೂರಾರು ಜನರಿಗೆ ವರ್ಷಗಟ್ಟಲೆ ಸಂಬಳ ಸೊನ್ನೆ. ಕೆಲಸ ಇಲ್ಲದವರು ಅಂತ ಬರೆದುಬಿಟ್ಟೆ. ಅವರು ಹೇಳದೆ ಕೇಳದೆ ಆ ದೇಶವನ್ನೇ ಬಿಟ್ಟು ಹೋಗಿದ್ದರು! ಅಧ್ಯಾಯ ಪೂರ್ತಿ ಮತ್ತೆ ಬರೆದೆ. ಆದರೂ ಇನ್ನೊಮ್ಮೆ ಮಾಡು ಅಂದರೆ ಅದನ್ನೇ ಮಾಡುತ್ತೇನೆ.

ವಿರಾಜಪೇಟೆ ಅಕ್ಕ:
ನಿಮಗೆ ನಂಬರ್ ಇತ್ತು. ನಾನು ಹೆಸರು ಹಿಡಿದು ಜೋಡಿಸಿದವಳು. ಒಂದು ಕಡೆ ಹಳೇ ಶಾಲೆ ದಾಖಲಾತಿ, ಇನ್ನೊಂದು ಕಡೆ ಹೊರದೇಶದ ಸಂಘಗಳ ಸದಸ್ಯರ ಪಟ್ಟಿ. 1,140 ಹೆಸರಲ್ಲಿ ಕೂಡಿದ್ದು 412. ಶಾಲೆಯಲ್ಲಿ ಮನೆಹೆಸರು ಮೊದಲು, ಪಾಸ್‌ಪೋರ್ಟ್‌ನಲ್ಲಿ ಕೊನೆಗೆ. ಗಲ್ಫ್‌ಗೆ ಹೋದ ಹುಡುಗರ 'ಮೊಹಮ್ಮದ್' ಇಂಗ್ಲಿಷ್‌ನಲ್ಲಿ ಆರು ತರ. ಅದನ್ನೆಲ್ಲ ಹೇಗೋ ಸರಿಮಾಡಿದೆ. ಕೈತಪ್ಪಿದ್ದು ಹೆಣ್ಣುಮಕ್ಕಳು. ಮದುವೆಯಾದ ಕೊಡವ ಹುಡುಗಿಗೆ ಗಂಡನ ಒಕ್ಕದ (ಮನೆತನದ) ಹೆಸರು ಬರುತ್ತದೆ ಅಲ್ವಾ? ನನ್ನ ಜೊತೆ ಒಂದೇ ಬೆಂಚಲ್ಲಿ ಕೂತವಳು ಈಗ ಕೆನಡಾದಲ್ಲಿ ನರ್ಸ್. ಅಲ್ಲಿ ವಲಸೆ ದಾಖಲೆಗೆ ತೆರಿಗೆ ದಾಖಲೆಯನ್ನು ಸರ್ಕಾರವೇ ಜೋಡಿಸಿಡುತ್ತದೆ. ನನ್ನ ಪಟ್ಟಿಯಲ್ಲಿ ಮಾತ್ರ ಅವಳು ಇಲ್ಲ. ಆ ದಿನ ಅತ್ತುಬಿಟ್ಟೆ.

ಕುಶಾಲನಗರ:
ಅದಕ್ಕೇ ಸರ್ವೆ ಮಾಡಿ ಅನ್ನೋದು. ಪಕ್ಕದ ಕೇರಳದಲ್ಲಿ 1998ರಿಂದ ವಲಸೆ ಸರ್ವೆ ನಡೆಯುತ್ತಿದೆ. ನಾನು ಮಳೆಗಾಲದಲ್ಲೇ 600 ಮನೆ ಮುಗಿಸಿದೆ. ಜೀಪ್ ಬಾಡಿಗೆ ದಿನಕ್ಕೆ 2,200. ಎರಡು ಸಲ ಹೂತುಕೊಂಡಿತು, ಒಂದು ಚೀಲ ಫಾರಂ ನೆನೆದುಹೋಯಿತು. ಆದರೆ ಎದುರು ಕೂತು ಕೇಳಿದರೆ ಯಾರೂ ತಪ್ಪಿಹೋಗಲ್ಲ.

ನಾಪೋಕ್ಲು:
ಮನೆಮಂದಿಯೆಲ್ಲ ಹೋಗಿ ಬೀಗ ಹಾಕಿದ ಮನೆಯಲ್ಲಿ ಯಾರನ್ನು ಕೇಳಿದಿರಿ ಸರ್? ನಮ್ಮ ರಸ್ತೆಯಲ್ಲೇ ಅಂಥವು ಮೂರಿವೆ.

ಕುಶಾಲನಗರ:
ಪಕ್ಕದ ಮನೆಯವರನ್ನು ಕೇಳಿದೆ. ನೀವು ಒಬ್ಬರ ಮುಖವನ್ನೂ ನೋಡಿದವರಲ್ಲ. ನನಗೆ ಪಾಠ ಬೇಡ.

ವಿರಾಜಪೇಟೆ ಅಕ್ಕ:
ಪಕ್ಕದ ಮನೆಯವರಿಗೆ ಅವರ ಸಂಬಳ ಗೊತ್ತಾ?

ಮೂರ್ನಾಡು:
ನನಗೆ ತೊಂದರೆ ಕೊಟ್ಟಿದ್ದು ಊರಿನ ಹೆಸರು. ಒಂದೇ ಮನುಷ್ಯನ ಹುಟ್ಟೂರು ಒಂದು ಕಡೆ ಹಳೇ ಇಂಗ್ಲಿಷ್ ಹೆಸರು ಮರ್ಕಾರ, ಇನ್ನೊಂದು ಕಡೆ ಮಡಿಕೇರಿ. ಎರಡು ತಿಂಗಳು ಅದಕ್ಕೇ ಹೋಯಿತು. ಇನ್ನೂ ಕೂರ್ಗ್ ಅಂತ ಬರೆಯುವವರನ್ನು ಕಂಡರೆ ಸಿಟ್ಟು ಬರುತ್ತದೆ.

ಕುಶಾಲನಗರ:
ತಪ್ಪೇನು? 1956ರವರೆಗೆ ಅದು ಬೇರೆ ರಾಜ್ಯ, ಹೆಸರೇ ಕೂರ್ಗ್. ನಮ್ಮಪ್ಪನ ಸರ್ಟಿಫಿಕೇಟ್‌ನಲ್ಲೂ ಅದೇ ಇದೆ.

ಮೂರ್ನಾಡು:
ಅಪ್ಪನ ಸರ್ಟಿಫಿಕೇಟ್ ಸರಿ. ನಿಮ್ಮ 600 ಫಾರಂನಲ್ಲಿ ಏನು ಬರೆದಿರಿ, ಅದನ್ನು ಹೇಳಿ.