ಅಪ್‌ಡೇಟ್: ಸರೋವರದ ಸುತ್ತು ಮುಗೀತು, ಹಿಮ್ಮಡಿನೂ ಉಳೀತು

ಹೋದ ವಾರ ಕೇಳಿದ್ದೆನಲ್ಲ, ಸರೋವರದ ಸುತ್ತ 4 ದಿನ ಬ್ಯಾಗ್ ಹೊತ್ತು ನಡೆಯೋಕೆ ಹೊರಟಿದ್ದೀನಿ, ಅಭ್ಯಾಸದ ನಡಿಗೆಯಲ್ಲೇ ಹಿಮ್ಮಡಿಗೆ ಬೊಬ್ಬೆ ಬರ್ತಿದೆ, ಏನು ಮಾಡಲಿ ಅಂತ. ಮೊನ್ನೆ ಪೂರ್ತಿ ಸುತ್ತು ಮುಗಿಸಿ ಬಂದೆ.

ಕೈ ಹಿಡಿದದ್ದು ಟೇಪ್. ಬೊಬ್ಬೆ ಎದ್ದ ಮೇಲಲ್ಲ, ಚರ್ಮ ಚುರುಗುಟ್ಟಿದ ತಕ್ಷಣ ನಿಂತು ಅಂಟಿಸಿ ಅಂದಿದ್ರು ಒಬ್ಬರು. ಎರಡನೇ ದಿನ ಏರಿನ ಮಧ್ಯೆ ಶೂ ಬಿಚ್ಚೋಕೆ ಮಹಾ ಸೋಮಾರಿತನ, ಆದರೂ ಬಿಚ್ಚಿದೆ. ಸಾಕ್ಸ್ ಬೆವರಿಗೆ ತೊಪ್ಪೆ, ಹಿಮ್ಮಡಿ ಮೇಲೆ ಹೆಬ್ಬೆರಳಗಲ ಕೆಂಪು. ಒರೆಸಿ, ಗಾಳಿಗೆ ಒಣಗಿಸಿ, ಟೇಪಿನ ಮೂಲೆ ದುಂಡಗೆ ಕತ್ತರಿಸಿ ಹಚ್ಚಿದೆ. ಚೂಪು ಮೂಲೆ ಸಾಕ್ಸಿಗೆ ಸಿಕ್ಕಿ ಏಳುತ್ತೆ. ಕೊನೇ ದಿನದವರೆಗೂ ಅಲ್ಲಾಡಲಿಲ್ಲ.

ಎರಡು ಜೊತೆ ಸಾಕ್ಸ್ ಹಾಕೋ ಸಲಹೆ ನನಗಾಗಲಿಲ್ಲ. ಶೂ ಬಿಗಿಯಾಗಿ ಬೆರಳು ಜೋಮು ಹಿಡೀತು. ಒಳಗೆ ಜಾಗ ಇರೋ ಶೂ ಆದ್ರೆ ಸರಿಹೋಗಬಹುದೇನೋ.

ನಿಜವಾಗಿ ಪೇಚಿಗೆ ಸಿಕ್ಕಿದ್ದು ನೀರಿಗೆ. ಸರೋವರ ಪಕ್ಕದಲ್ಲೇ ಇರುತ್ತಲ್ಲ ಅಂತ 1 ಲೀಟರ್ ಮಾತ್ರ ಹೊತ್ತಿದ್ದೆ. ದಾರಿ ದಡ ಬಿಟ್ಟು ದಿಣ್ಣೆ ಹತ್ತಿತು. ಅರ್ಧ ದಿನ ನೀರು ಕೆಳಗೆ ಫಳಫಳ ಹೊಳೀತಿದೆ, ಇಳಿಯೋಕೆ ದಾರಿಯೇ ಇಲ್ಲ! ಮಾರನೇ ದಿನದಿಂದ 3 ಲೀಟರ್, ಅಂದ್ರೆ 3 ಕೆಜಿ, ಗೊಣಗದೆ ಹೊತ್ತೆ. ನಕ್ಷೆಯಲ್ಲಿ ಎತ್ತರದ ಗೆರೆಗಳನ್ನ ಮೊದಲೇ ನೋಡ್ಕೊಳ್ಳಿ.

ಇನ್ನೊಂದು, ಕೊರೆಯೋ ಚಳಿ ಇದ್ರೆ ನೀರಿನ ಫಿಲ್ಟರನ್ನ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಕೊಳ್ಳಿ. ಒಳಗಿನ ನೀರು ಹೆಪ್ಪುಗಟ್ಟಿದ್ರೆ ಅದರ ಸಣ್ಣ ನಳಿಗೆಗಳು ಬಿರುಕು ಬಿಡಬಹುದು, ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ.