ಪದಚರ್ಚೆ: ಪ್ರೋಲಾಗ್‌ನ ‘ಲೈಬ್ರರಿ’, ‘ಪ್ಯಾಕ್’ಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಮಾನ್ಯರೇ,

ಪದವಿ ವಿದ್ಯಾರ್ಥಿಗಳಿಗಾಗಿ ಪ್ರೋಲಾಗ್ ಎಂಬ ಕ್ರಮವಿಧಿ (ಪ್ರೋಗ್ರಾಂ) ಭಾಷೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅದು ಅಚ್ಚಿಗೆ ಹೋಗಬೇಕಾಗಿರುವುದರಿಂದ ಎರಡು ಪದಗಳು ತುರ್ತಾಗಿ ಬೇಕಾಗಿವೆ. ಆ ಭಾಷೆಯನ್ನು ನಡೆಸುವ ಎಸ್‌ಡಬ್ಲ್ಯುಐ-ಪ್ರೋಲಾಗ್ ತಂತ್ರಾಂಶದ ಜೊತೆಗೇ ಬರುವ ಲೈಬ್ರರಿಗಳು, ಎಂದರೆ ಸಿದ್ಧ ಕ್ರಮವಿಧಿಗಳ ಸಂಗ್ರಹಗಳು, ಒಂದು ಬಗೆ. ಬಳಕೆದಾರರು ಬರೆದು ಹಂಚುವ, ‘ಪ್ಯಾಕ್_ಇನ್‌ಸ್ಟಾಲ್’ ಆದೇಶ ಕೊಟ್ಟು ಅಂತರಜಾಲದಿಂದ ಇಳಿಸಿಕೊಳ್ಳುವ ಪ್ಯಾಕ್‌ಗಳು ಇನ್ನೊಂದು ಬಗೆ. ಈ ಕೆಲಸವನ್ನು ನನಗಿಂತ ಮೊದಲು ಕೈಗೆತ್ತಿಕೊಂಡವರು ಎರಡಕ್ಕೂ ‘ಗ್ರಂಥಾಲಯ’ ಎಂದೇ ಬರೆದಿದ್ದಾರೆ. ‘ಗ್ರಂಥಾಲಯವನ್ನು ಸ್ಥಾಪಿಸಿ, ಅನಂತರ ಗ್ರಂಥಾಲಯವನ್ನು ತುಂಬಿಕೊಳ್ಳಿ’ ಎಂಬ ಸೂಚನೆಯನ್ನು ಓದಿದ ವಿದ್ಯಾರ್ಥಿ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯಲು ಹೊರಟರೆ ತಪ್ಪು ಅವನದಲ್ಲ. ‘ಭಂಡಾರ’ ಸರಿಹೋದೀತೆ?

ಉತ್ತರ 1

ಭಂಡಾರ ಬೇಡ. ಅದು ಸಂಸ್ಕೃತದ ‘ಭಾಂಡಾಗಾರ’ ಸವೆದು ಬಂದ ರೂಪ. ನಮ್ಮಲ್ಲಿ ‘ಕಣಜ’ ಇರುವಾಗ ಎರವಲು ತರುವ ಅಗತ್ಯವಿಲ್ಲ. ಪ್ಯಾಕ್‌ಗೆ ‘ಕಟ್ಟು’ ಎನ್ನಿ. ಇದಕ್ಕಿಂತ ಹೆಚ್ಚಿನ ಚರ್ಚೆ ಅನಾವಶ್ಯಕ.

ಉತ್ತರ 2

ಹಿಂದಿನ ಉತ್ತರವು ಪದದ ಹುಟ್ಟನ್ನು ನೋಡಿದೆಯೇ ಹೊರತು ಪ್ರೋಲಾಗನ್ನು ನೋಡಿಲ್ಲ. ಘಟಕವೊಂದನ್ನು (ಮಾಡ್ಯೂಲ್, ಎಂದರೆ ಒಂದು ಹೆಸರಿನಡಿ ಕೂಡಿಸಿಟ್ಟ ಕ್ರಮವಿಧಿಯ ಭಾಗ) ಬಳಸಬೇಕಾದಾಗ ನಾವು ‘ಯೂಸ್_ಮಾಡ್ಯೂಲ್’ ಆದೇಶದಲ್ಲಿ ‘ಲೈಬ್ರರಿ’ ಎಂದು ಬರೆದು, ಅದರ ಆವರಣದೊಳಗೆ ‘ಲಿಸ್ಟ್ಸ್’ ಎಂದೋ ‘ಸಿಎಲ್‌ಪಿಎಫ್‌ಡಿ’ ಎಂದೋ ಹೆಸರಿಸುತ್ತೇವೆ. ಇಲ್ಲಿ ‘ಲೈಬ್ರರಿ’ ಎಂಬುದು ಕಡತಗಳಿಗಾಗಿ ಯಾವ ಯಾವ ಕಡೆ ಹುಡುಕಬೇಕೆಂಬುದನ್ನು ವ್ಯವಸ್ಥೆಗೆ ತಿಳಿಸುವ ಅಡ್ಡಹೆಸರು ಮಾತ್ರ. ಪೂರ್ಣಾಂಕಗಳ ಮೇಲಿನ ನಿರ್ಬಂಧಗಳನ್ನು ಬಿಡಿಸುವ ಸಿಎಲ್‌ಪಿಎಫ್‌ಡಿ ಅಲ್ಲಿ ಸಿಗುವ ಒಂದು ಘಟಕ. ಆಡುಮಾತಿನಲ್ಲಿ ಆ ಘಟಕವನ್ನೇ ಲೈಬ್ರರಿ ಎಂದು ಕರೆಯುವ ರೂಢಿಯಿಂದ ಗೊಂದಲ ಹುಟ್ಟಿದೆ. ಪ್ಯಾಕ್ ಸ್ಥಾಪನೆಯಾದಾಗ ಅದರೊಳಗಿನ ಪ್ರೋಲಾಗ್ ಕಡತಗಳ ಜಾಗವೂ ಇದೇ ಹುಡುಕುದಾರಿಗೆ ಸೇರಿಕೊಳ್ಳುತ್ತದೆ. ಆಮೇಲೆ ಅದರ ಘಟಕಗಳನ್ನೂ ‘ಲೈಬ್ರರಿ’ ಎಂದೇ ಬರೆದು ಕರೆಯುತ್ತೇವೆ. ಆದ್ದರಿಂದ ನಿಮಗೆ ಬೇಕಾಗಿರುವುದು ಎರಡಲ್ಲ, ಮೂರು ಪದಗಳು: ಜಾಗಕ್ಕೆ ಭಂಡಾರ, ಅಲ್ಲಿರುವುದಕ್ಕೆ ಘಟಕ, ಹೊರಗಿನಿಂದ ಬಂದು ಸೇರುವುದಕ್ಕೆ ಕಟ್ಟು. ‘ಕಟ್ಟು’ ಪದವನ್ನು ಮಾತ್ರ ನಾನು ಸಂತೋಷದಿಂದ ಒಪ್ಪುತ್ತೇನೆ; ಓಲೆಗರಿಯ ಕಟ್ಟುಗಳು ಭಂಡಾರ ಸೇರಿದ್ದು ಹೀಗೆಯೇ.

ಲೈಬ್ರರಿ ಎಂಬ ಮಾತು ಗಣಕಕ್ಕೆ ಬಂದದ್ದೂ ಜಾಗದ ಅರ್ಥದಲ್ಲಿಯೇ. 1949ರಲ್ಲಿ ಕೇಂಬ್ರಿಜ್‌ನಲ್ಲಿ ಕೆಲಸ ಆರಂಭಿಸಿದ ಎಡ್ಸ್ಯಾಕ್ ಗಣಕದ ಉಪಕ್ರಮಗಳನ್ನು (ಮತ್ತೆ ಮತ್ತೆ ಬಳಸುವ ಚಿಕ್ಕ ಕ್ರಮವಿಧಿಗಳನ್ನು) ತೂತು ಹೊಡೆದ ಕಾಗದದ ಸುರುಳಿಗಳಾಗಿ ಕಪಾಟಿನಲ್ಲಿ ಇಡುತ್ತಿದ್ದರು. ಬೇಕಾದವರು ಸುರುಳಿಯನ್ನು ತೆಗೆದು, ತಮ್ಮ ಕ್ರಮವಿಧಿಯ ಸುರುಳಿಗೆ ಅದನ್ನು ನಕಲಿಸಿಕೊಳ್ಳುತ್ತಿದ್ದರು. ಇನ್ನು ಭಂಡಾರ ಪರಕೀಯವೆಂಬ ಆಕ್ಷೇಪದ ವಿಷಯ: ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವು ಅಲ್ಲಿನ ಘಟಿಕಾಸ್ಥಾನದಲ್ಲಿ, ಎಂದರೆ ಉನ್ನತ ವಿದ್ಯಾಕೇಂದ್ರದಲ್ಲಿ, ಆರು ಮಂದಿ ಸರಸ್ವತೀ ಭಂಡಾರಿಗರು (ಗ್ರಂಥಪಾಲಕರು) ಇದ್ದರೆಂದು ಹೇಳುತ್ತದೆ. ಸಾವಿರ ವರ್ಷಗಳಿಗೆ ಹತ್ತಿರವಾದ ಬಳಕೆಯನ್ನು ಎರವಲೆಂದು ತಳ್ಳಿಹಾಕುವವರೊಡನೆ ವಾದಿಸುವುದರಲ್ಲಿ ನನಗೆ ಆಸಕ್ತಿಯಿಲ್ಲ.

ಇನ್ನೊಂದು ಎಚ್ಚರಿಕೆ. ವ್ಯವಸ್ಥೆಯ ಒಡಲಿನಲ್ಲಿಯೇ ಇರುವ ವಿಧೇಯಗಳನ್ನು (ಪ್ರೆಡಿಕೇಟ್, ಎಂದರೆ ಪ್ರೋಲಾಗ್‌ನಲ್ಲಿ ಹೆಸರಿಟ್ಟು ಕರೆಯುವ ನಿಯಮಗಳನ್ನು) ಭಂಡಾರದವುಗಳೊಡನೆ ಬೆರೆಸಬೇಡಿ. ವಿದ್ಯಾರ್ಥಿಯು ‘ರೈಟ್’ ಎಂಬ ವಿಧೇಯವನ್ನು ಒಂದೇ ಪದಾಂಶದೊಡನೆ (ಆರ್ಗ್ಯುಮೆಂಟ್, ಆವರಣದೊಳಗೆ ಕೊಡುವ ಮೌಲ್ಯ) ತಾನೇ ಬರೆಯಹೊರಟರೆ ಅನುಮತಿಯಿಲ್ಲವೆಂಬ ದೋಷಸೂಚನೆ ಬರುತ್ತದೆ. ‘ಅಪೆಂಡ್’ ಅನ್ನು ತಾನೇ ಬರೆದುಕೊಂಡರೆ ತಕರಾರಿಲ್ಲ, ಏಕೆಂದರೆ ಅದು ‘ಲಿಸ್ಟ್ಸ್’ ಘಟಕದ್ದು. ಯಾರೂ ಕರೆಯದಿದ್ದರೂ ಆ ಘಟಕವು ಮೊದಲ ಬಳಕೆಯಲ್ಲಿ ತಾನಾಗಿಯೇ ಬಂದು ತುಂಬಿಕೊಳ್ಳುವುದರಿಂದ ಈ ವ್ಯತ್ಯಾಸ ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. ಮೊದಲನೆಯದಕ್ಕೆ ‘ಅಂತರ್ಗತ ವಿಧೇಯ’ ಎನ್ನಿ. (ವಿಧೇಯ ಎಂದೊಡನೆ ಅರ್ಜಿಯ ಕೊನೆಯ ಸಾಲು ನೆನಪಾಗುವವರು ವ್ಯಾಕರಣದ ಉದ್ದೇಶ್ಯ–ವಿಧೇಯಗಳನ್ನು ನೆನೆಯಲಿ.)

ಉತ್ತರ 3

ಶಾಸನದಲ್ಲಿದ್ದ ಮಾತ್ರಕ್ಕೆ ಪದ ನಮ್ಮದಾಗುವುದಿಲ್ಲ. ಘಟಕ ಸಂಸ್ಕೃತ, ವಿಧೇಯ ಸಂಸ್ಕೃತ, ಅಂತರ್ಗತವೂ ಸಂಸ್ಕೃತ. ಈ ಕೈಪಿಡಿಯಲ್ಲಿ ಕನ್ನಡವೆಂದು ಉಳಿಯುವುದು ವಿಭಕ್ತಿ ಪ್ರತ್ಯಯಗಳು ಮಾತ್ರ.

ಉತ್ತರ 4

ಪ್ರೋಲಾಗ್ ಎಂಬ ಹೆಸರೇ 1972ರಲ್ಲಿ ಮಾರ್ಸೇ ನಗರದಲ್ಲಿ ‘ತರ್ಕದಲ್ಲಿ ಕ್ರಮವಿಧಿ ರಚನೆ’ ಎಂಬರ್ಥದ ಫ್ರೆಂಚ್ ಪದಗುಚ್ಛವನ್ನು ತುಂಡರಿಸಿ ಮಾಡಿಕೊಂಡದ್ದು. ಅದನ್ನು ಇದ್ದ ಹಾಗೆಯೇ ನುಂಗಿದವರಿಗೆ ಭಂಡಾರ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುವುದೇಕೆ? ಕಣಜವು ಕಾಳು ತುಂಬಿಡುವ ಜಾಗ. ಅಲ್ಲಿ ಒಂದು ಕಾಳಿಗೂ ಇನ್ನೊಂದಕ್ಕೂ ಹೆಸರಿನ ಭೇದವಿಲ್ಲ. ಪ್ರೋಲಾಗ್‌ನಲ್ಲಿ ನಾವು ಹೆಸರು ಹಿಡಿದು ಹುಡುಕುತ್ತೇವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಭಂಡಾರ, ಘಟಕ, ಕಟ್ಟು ಎಂಬ ಮೂರನ್ನೂ, ಅಂತರ್ಗತ ವಿಧೇಯವನ್ನೂ ಸೇರಿಸಿಕೊಂಡಿದ್ದೇನೆ. ಸಿ ಭಾಷೆಯ ಭಾಗಗಳೂ ಇರುವ ಪ್ಯಾಕ್‌ಗಳ ಪುಟದಲ್ಲಿ ಮಾತ್ರ ‘ಬಿಲ್ಡ್’ ಎಂಬುದಕ್ಕೆ ‘ಕಟ್ಟನ್ನು ಕಟ್ಟಿ’ ಎಂಬ ವಾಕ್ಯ ಬಂದುಬಿಡುತ್ತಿತ್ತು. ಅಲ್ಲಿ ‘ಕಟ್ಟನ್ನು ಕಂಪೈಲ್ ಮಾಡಿ’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದವರು ಭಾನುವಾರದೊಳಗೆ ತಿಳಿಸಬೇಕಾಗಿ ವಿನಂತಿ.